ಅರ್ಧ ಕಥೆಯ ಅಕ್ಕ

ಆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸುವುದಕ್ಕೆಂದು ಒಬ್ಬಳಿದ್ದಳು. ತಮಾಷೆಯ ಮಾತಲ್ಲ. ಶನಿವಾರ ಮಧ್ಯಾಹ್ನ ಮಕ್ಕಳ ಕೋಣೆಯ ಚಾಪೆಯ ಮೇಲೆ ಕೂತು, ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರೊಳಗಿನ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳುತ್ತಾ ಹೋಗುವಳು. ಕಳ್ಳ ಬಾಗಿಲ ಚಿಲಕಕ್ಕೆ ಕೈ ಹಾಕಿದ, ಒಳಗೆ ಯಾರೋ ಕೆಮ್ಮಿದರು ಅನ್ನುವಲ್ಲಿಗೆ ಬಂದು ಪುಸ್ತಕವನ್ನು ಪಟ್ಟನೆ ಮುಚ್ಚುವಳು. "ಮುಂದಿನದು ಇದರಲ್ಲಿದೆ. ಬೇಕಾದವರು ಓದ್ಕೊಳ್ಳಿ" ಎಂದು ಕಿಟಕಿ ಪಕ್ಕದ ಗಿಡ್ಡ ಕಪಾಟಿನ ಮೂಲೆಯಲ್ಲಿ ಅದನ್ನಿಟ್ಟು ಎದ್ದು ಹೋಗುವಳು. ಮಕ್ಕಳು ಬೊಬ್ಬೆ ಹೊಡೆಯುತ್ತಿದ್ದರು, ಗೋಗರೆಯುತ್ತಿದ್ದರು, ಒಂದೆರಡು ಪುಟಾಣಿಗಳು ಅತ್ತೂ ಬಿಡುತ್ತಿದ್ದವು. ಅವಳು ಜಗ್ಗುತ್ತಿರಲಿಲ್ಲ. ಹೀಗಾಗಿ ಅರ್ಧ ಕಥೆಯ ಅಕ್ಕ ಅಂತಲೇ ಅವಳಿಗೆ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿತು.

ಮಕ್ಕಳಿಗೆ ಓದಿನ ರುಚಿ ಹತ್ತಿಸುವುದಕ್ಕೆ ಇದೊಂದು ಉಪಾಯ ಎಂದು ನೀವು ಅಂದುಕೊಳ್ಳಬಹುದು. ಗ್ರಂಥಪಾಲಕರೂ ಮೇಲಿನವರಿಗೆ ಹಾಗೇ ಹೇಳುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ ಕುತೂಹಲ ಅನ್ನುವುದು ಅಕ್ಕನಿಗೆ ಹುಟ್ಟಿನಿಂದ ಅಂಟಿಕೊಂಡ ಕಾಯಿಲೆ, ಅದನ್ನು ಊರಿಗೆಲ್ಲ ಹರಡಿ ಖುಷಿಪಡುತ್ತಿದ್ದಳು, ಅಷ್ಟೇ. ಮದುವೆಯ ಮಾತಿಗೆ ಬಂದ ಹುಡುಗ ಬಸ್ಸು ಓಡಿಸುವವನು ಎಂದು ತಿಳಿದ ಕೂಡಲೇ, "ಹಿಂದಿನ ಬಾಗಿಲು ಮುಚ್ಚಿದೆಯೋ ಇಲ್ಲವೋ ಮುಂದೆ ಕೂತವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ್ದಳು. ಅವನು ಕನ್ನಡಿಯ ಕೋನ, ಗಾಳಿಯ ಸದ್ದು ಎಲ್ಲವನ್ನೂ ಸಾವಕಾಶವಾಗಿ ವಿವರಿಸಿದ. ಹಿರಿಯರಿಗೆ ಬೇರೆ ಏನೂ ಮಾತಾಡುವುದು ಉಳಿಯಲಿಲ್ಲ. ಗ್ರಂಥಾಲಯದ ಕೌಂಟರಿನಲ್ಲೂ ಅದೇ ಪಾಡು. ಪುಸ್ತಕ ವಾಪಸ್ ಕೊಡಲು ಬಂದವರನ್ನು, "ಆ ವಕೀಲ ಕೊನೆಗೆ ಒಪ್ಕೊಂಡಿದ್ದು ಸರಿ ಅಂತೀರಾ?" ಎಂದು ನಿಲ್ಲಿಸಿ ಕೇಳುವಳು. ಓದದೆ ತಂದವರು ಸಿಕ್ಕಿಬೀಳುತ್ತಿದ್ದರು, ಆದ್ದರಿಂದ ಅವಳ ಪಾಳಿ ಮುಗಿದ ಮೇಲೆ ಬರುತ್ತಿದ್ದರು.

ಆ ಗ್ರಂಥಾಲಯದ ಇನ್ನೊಂದು ವಿಶೇಷವೆಂದರೆ ಅದರ ಹಬ್ಬಗಳು. ಬಡಾವಣೆಯಲ್ಲಿ ಎಲ್ಲ ಥರದ ಜನರೂ ಇದ್ದರು. ಒಬ್ಬರ ಹಬ್ಬ ಮಾಡಿದರೆ ಇನ್ನೊಬ್ಬರ ಮುಖ ಊದಿಕೊಳ್ಳುತ್ತದೆ. ಅದಕ್ಕೇ ಗ್ರಂಥಪಾಲಕರು ಬುದ್ಧಿ ಓಡಿಸಿ, ಬಿಸಿಲು ಮಳೆ ಚಳಿ ಯಾರ ಮನೆಯ ಬಾಗಿಲನ್ನೂ ಬಿಡುವುದಿಲ್ಲ, ಅವುಗಳನ್ನೇ ಆಚರಿಸೋಣ ಎಂದರು. ಬೇಸಿಗೆ ಶುರುವಾದಾಗ ನೆರಳು ಹಬ್ಬ, ಹಿತ್ತಲ ಮರದ ಕೆಳಗೆ ಓದು. ಮಳೆಗೆ ಕೊಡೆ ಹಬ್ಬ, ಮುರಿದ ಕೊಡೆಗಳಿಗೆ ಮಕ್ಕಳಿಂದ ಬಣ್ಣ. ಎಲೆ ಉದುರುವಾಗ ಎಲೆ ಹಬ್ಬ. ಚಳಿಗಾಲಕ್ಕೆ ಎಲ್ಲಕ್ಕಿಂತ ದೊಡ್ಡದಾದ ಬಿಸಿಲು ಹಬ್ಬ. ಅಂದು ಓದುವ ಕೋಣೆಯ ಬೆಂಚುಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು, ಹಗ್ಗದ ಮೇಲೆ ಜನ ತಂದ ಹಳೆಯ ಸ್ವೆಟರುಗಳು ತೂಗುತ್ತಿದ್ದವು, ಬೇಕಾದವರು ಒಯ್ಯಬಹುದಿತ್ತು. ಹಬ್ಬದ ನಡುವೆ ಅಕ್ಕನ ಅರ್ಧ ಕಥೆ ಇರಲೇಬೇಕು. ಅಂದು ದೊಡ್ಡವರೂ ಕೂತು ಕೇಳಿ ಮಕ್ಕಳಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದರು.

ಈ ಅರ್ಧ ಕಥೆಯನ್ನು ಕಂಡರಾಗದವರು ಒಬ್ಬರೇ ಒಬ್ಬರು, ಅವಳ ಅತ್ತೆ. ಡ್ರೈಕ್ಲೀನಿಂಗ್ ಅಂಗಡಿಯೊಂದಕ್ಕೆ ಬಹಳ ಕಾಲ ರಫು ಹಾಕಿದ ಕೈ ಅವರದು. ಸಿಗರೇಟು ಸುಟ್ಟ ಕೋಟು, ಮೊಳೆಗೆ ಸಿಕ್ಕು ಹರಿದ ಶಾಲು ಅವರ ಕೈಗೆ ಹೋಗಿ ಬಂದರೆ ಹರಿದದ್ದೆಲ್ಲಿ ಎಂದು ಯಜಮಾನನಿಗೇ ಕಾಣುತ್ತಿರಲಿಲ್ಲ. ಪುಸ್ತಕ ಹಿಡಿದರೆ ಮೊದಲು ಕೊನೆಯ ಪುಟ ಓದಿ, ಆಮೇಲೆ ಮೊದಲಿನಿಂದ ಶುರು ಮಾಡುವುದು ಅವರ ಪದ್ಧತಿ. "ಕೊನೆ ಗೊತ್ತಿದ್ರೆ ನೆಮ್ಮದಿಯಾಗಿ ಓದಬಹುದು ಕಣೇ. ಅರ್ಧ ಹೊಲಿದು ಕೊಟ್ಟಿದ್ರೆ ನಂಗೆ ಯಾರು ಕೆಲಸ ಕೊಡ್ತಿದ್ರು?" ಎಂದು ಸೊಸೆಯನ್ನು ಕಿಚಾಯಿಸುವರು. ಆದರೂ ಪ್ರತಿ ಶನಿವಾರ ತಪ್ಪದೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಕಥೆ ನಿಂತ ಮೇಲೆ ಮೂಲೆಯ ಪುಸ್ತಕವನ್ನು ಎತ್ತಿಕೊಂಡು ಹಿತ್ತಲಿನ ಸೈಕಲ್ ಸ್ಟ್ಯಾಂಡಿನ ಪಕ್ಕದ ಬೆಂಚಿಗೆ ಹೋಗಿ ಕೂತು, ಸೊಸೆಯ ಕೆಲಸ ಮುಗಿಯುವವರೆಗೆ ಕಾಯುವುದು ರೂಢಿ.

ಆ ವರ್ಷ ಎಲೆ ಹಬ್ಬ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಶನಿವಾರದ ಪುಸ್ತಕವನ್ನು ಮನೆಗೆ ಒಯ್ಯುವವರೇ ಇಲ್ಲ. ಹಿಂದೆಲ್ಲ ಅದಕ್ಕಾಗಿ ಜಡೆ ಎಳೆದಾಡಿ ಜಗಳವಾಗುತ್ತಿತ್ತು. ಈಗ ಮಕ್ಕಳು ಕಥೆ ಕೇಳಿ, ಬೊಬ್ಬೆಯನ್ನೂ ಹೊಡೆಯದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಗುತ್ತಾ ಹೊರಗೆ ಹೋಗುತ್ತಿದ್ದರು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ಪುಸ್ತಕ ಒಯ್ದಿದ್ದಳು. ಮರಳಿ ತಂದಾಗ ಮುಖ ಗಂಟು ಹಾಕಿಕೊಂಡಿದ್ದಳು.

"ಅಕ್ಕಾ, ಈ ಪುಸ್ತಕದಲ್ಲಿ ತಪ್ಪಾಗಿದೆ."

"ಏನು ತಪ್ಪು?"

"ಹಡಗಿನ ಹಾಯಿ ಹರಿದಾಗ ಅಡುಗೆಯವನು ಎಲ್ಲರ ಅಂಗಿ ಬಿಚ್ಚಿಸಿ ಹೊಲಿದು ಹೊಸ ಹಾಯಿ ಮಾಡ್ತಾನೆ. ಇದ್ರಲ್ಲಿ ಸುಮ್ನೆ ಗಾಳಿ ನಿಂತು ಹೋಯ್ತು ಅಂತ ಬರೆದಿದ್ದಾರೆ."

"ಅಡುಗೆಯವನು ಹೊಲಿದ ಅಂತ ನಿಂಗೆ ಯಾರು ಹೇಳಿದ್ರು?"

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಹೇಳಬಾರದು. ಹೇಳಿದ್ರೆ ಇನ್ಮೇಲೆ ಕೊನೆ ಸಿಗಲ್ಲ" ಎಂದು ಓಡಿಹೋದಳು.

ಅಕ್ಕನಿಗೆ ಮೈಯೆಲ್ಲ ಕಿವಿಯಾಯಿತು. ಯಾರೋ ಕೊನೆಗಳನ್ನು ಹೇಳುತ್ತಿದ್ದಾರೆ, ಅದೂ ಪುಸ್ತಕದಲ್ಲಿಲ್ಲದ ಕೊನೆಗಳನ್ನು! ಸಿಟ್ಟು ಬಂದದ್ದು ನಿಜ. ಆದರೆ ಮನಸ್ಸಿನೊಳಗೆ, ಅಂಗಿಗಳ ಹಾಯಿ ಚೆನ್ನಾಗಿಯೇ ಇದೆಯಲ್ಲ ಎಂದೂ ಅನಿಸಿತು.

ಗ್ರಂಥಪಾಲಕರಿಗೆ ಹಾಗೇನೂ ಅನಿಸಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಮೇಲಿನವರಿಗೆ ಉತ್ತರ ಕೊಡುವವರು ಅವರೇ ತಾನೆ. "ನೋಡಮ್ಮ, ಕಥೆ ಸಮಯ ಇಟ್ಟಿದ್ದು ಪುಸ್ತಕ ಹೊರಗೆ ಹೋಗಲಿ ಅಂತ. ಪುಸ್ತಕ ಅಲ್ಲೇ ಕೂತಿದೆ. ಆ ಹೊತ್ತಲ್ಲಿ ಪರೀಕ್ಷೆಗೆ ತರಬೇತಿ ಕೊಡಿ ಅಂತ ಜನ ಕೇಳ್ತಾ ಇದ್ದಾರೆ. ಬಿಸಿಲು ಹಬ್ಬದ ದಿನವೂ ಹೀಗೇ ಆದ್ರೆ ನಾನು ಏನೂ ಮಾಡೋಕಾಗಲ್ಲ" ಎಂದರು. ಕೌಂಟರು, ಗೋಂದು, ಧೂಳು ಹೊಡೆಯುವ ಬಟ್ಟೆ, ಇವುಗಳ ನಡುವೆ ಅಕ್ಕನ ವಾರವೆಲ್ಲ ಕಳೆಯುತ್ತಿತ್ತು. ಆ ಒಂದು ಗಂಟೆ ಮಾತ್ರ ಅವಳದಾಗಿತ್ತು. ಅದು ಹೋದರೆ ಆ ಕಟ್ಟಡದಲ್ಲಿ ತಾನೂ ಒಂದು ಕಪಾಟು ಎಂದು ಅವಳಿಗೆ ದುಃಖವಾಯಿತು.

ಕೊನೆ ಬಿಟ್ಟುಕೊಡುವ ಕಳ್ಳನನ್ನು ಹಿಡಿಯದೆ ವಿಧಿಯಿರಲಿಲ್ಲ. ಅಕ್ಕ ಮಕ್ಕಳನ್ನು ಪುಸಲಾಯಿಸಿ ಇನ್ನಷ್ಟು ಕೊನೆಗಳನ್ನು ಸಂಗ್ರಹಿಸಿದಳು. ಗುಡಾರದ ಕಥೆಯಲ್ಲಿ ಗುಡಾರಕ್ಕೆ ತೇಪೆ ಬಿದ್ದಿತ್ತು. ಇಬ್ಬರು ಅಣ್ಣತಮ್ಮಂದಿರ ಕಥೆಯಲ್ಲಿ ತಮ್ಮನ ಕೋಟಿನ ಒಳಪದರ ಬಿಚ್ಚಿ ಸತ್ಯ ಹೊರಬಂದಿತ್ತು. ಎಲ್ಲದರಲ್ಲೂ ಯಾರೋ ಏನನ್ನೋ ಹೊಲಿಯುತ್ತಿದ್ದರು. ಸರಿ, ಎದುರು ಬೀದಿಯ ದರ್ಜಿಯೇ ಇರಬೇಕು! ಹೋಗಿ ಸುತ್ತಿ ಬಳಸಿ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ದರ್ಜಿ ಗಾಬರಿಯಾಗಿ, "ಅಮ್ಮಾ, ಆ ನೀಲಿ ಬಟ್ಟೆ ಮಿಕ್ಕಿದ್ದು ಒಂದೇ ಗೇಣು, ದೇವರಾಣೆ!" ಎಂದ. ಅವನ ಕಳ್ಳತನ ಬೇರೆಯೇ ಇತ್ತು.

ಅತ್ತೆಯ ಮೇಲೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅತ್ತೆಗೇ ಕೊನೆ ಗೊತ್ತಿರಲಿಲ್ಲ! ಆ ಪುಸ್ತಕವನ್ನು ಗಂಟೆಗಟ್ಟಲೆ ಹಿಡಿದು ಕೂತವರು ಮನೆಗೆ ಬಂದು ಪಾತ್ರೆ ಒರೆಸುತ್ತಾ, "ಅಲ್ವೇ, ಆ ಹಡಗು ಕೊನೆಗೆ ಏನಾಯ್ತು?" ಎಂದು ಇವಳನ್ನೇ ಕೇಳುತ್ತಿದ್ದರು. ಬೇಕೆಂದೇ ಕೊನೆ ಓದದೆ, ಅದನ್ನು ತನ್ನ ಬಾಯಿಂದಲೇ ಹೇಳಿಸಿ ನಿಯಮ ಮುರಿಸಲು ನೋಡುತ್ತಿದ್ದಾರೆ ಎಂದುಕೊಂಡು ಅಕ್ಕ ನಗುತ್ತಾ, "ಪುಸ್ತಕ ನಿಮ್ಮ ಕೈಲೇ ಇತ್ತಲ್ಲ ಅತ್ತೆ. ನಿಯಮ ಅಂದ್ರೆ ನಿಯಮ" ಎನ್ನುವಳು. ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುವರು. ಈಚೆಗೆ ಮಾತಾಡುವಾಗೆಲ್ಲ ಅವರು ಹೀಗೆ ಮುಖ ತಿರುಗಿಸುವುದು ಹೆಚ್ಚಾಗಿತ್ತು. ವಯಸ್ಸಾದಂತೆ ಮುನಿಸು ಜಾಸ್ತಿ ಎಂದು ಅಕ್ಕ ಗಂಡನ ಹತ್ತಿರ ಹೇಳಿಯೂ ಇದ್ದಳು.

ಬಿಸಿಲು ಹಬ್ಬಕ್ಕೆ ಮುಂಚಿನ ಶನಿವಾರ ಅಕ್ಕ ಬಲೆ ಬೀಸಿದಳು. ಕಾವಲುಗಾರನ ಮಗಳು ಬಾವಿಗೆ ಇಳಿದಿದ್ದಾಳೆ, ಹಗ್ಗ ಸವೆದು ಸವೆದು ಒಂದೇ ಎಳೆ ಉಳಿದಿದೆ ಅನ್ನುವಲ್ಲಿ ಕಥೆ ನಿಲ್ಲಿಸಿದಳು. ಕಪಾಟಿನ ಮೂಲೆಗೆ ಹೋದವಳು ಆ ಪುಸ್ತಕವನ್ನು ಮೆಲ್ಲಗೆ ಧೂಳು ಹೊಡೆಯುವ ಬಟ್ಟೆಯೊಳಗೆ ಅಡಗಿಸಿ, ಅದರ ಜಾಗದಲ್ಲಿ ಅಷ್ಟೇ ದಪ್ಪದ ಬೇರೊಂದನ್ನು ಇಟ್ಟಳು. ಅದು ರಟ್ಟಿನ ಮೇಲೆ ಹುಂಜವಿದ್ದ ಕೋಳಿ ಸಾಕಣೆಯ ಪುಸ್ತಕ. ಅತ್ತೆಗಿಂತ ಮೊದಲು ಕಳ್ಳ ಬಂದು ಹುಂಜದ ಚಿತ್ರ ನೋಡಿ ಪೆಚ್ಚಾಗಲಿ ಎಂದು ಅವಳ ಆಸೆ. ಆಮೇಲೆ ನಕ್ಷೆಗಳ ಕಪಾಟಿನ ಹಿಂದೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಅತ್ತೆ ಬಂದರು. ಮೂಲೆಯ ಪುಸ್ತಕವನ್ನು ಎತ್ತಿಕೊಂಡರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು, ಈಗ ಅತ್ತೆ ಹುಂಜವನ್ನು ನೋಡಿ ಬೈಯುತ್ತಾರೆ ಎಂದು. ಅತ್ತೆ ಬೈಯಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಹಿತ್ತಲ ಕಡೆ ಹೊರಟರು. ಅವರ ಹಿಂದೆ ಒಬ್ಬೊಬ್ಬರಾಗಿ ಮಕ್ಕಳೂ ಜಾರಿಕೊಂಡರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅಕ್ಕನ ಸ್ಥಿತಿ. ತನ್ನ ಮನೆಯವರೇ! ಕೆನ್ನೆ ಬಿಸಿಯಾಗಿ, ನಾಲ್ಕು ಮಾತು ಕೇಳಿಯೇಬಿಡುತ್ತೇನೆಂದು ಬಿರಬಿರನೆ ಹೋದವಳು ಸೈಕಲ್ ಸ್ಟ್ಯಾಂಡಿನ ತಗಡಿನ ಗೋಡೆಯ ಹಿಂದೆ ನಿಂತುಬಿಟ್ಟಳು. ಅತ್ತೆ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು, ಓದುತ್ತಿದ್ದರು. "ಆಗ ಆ ಹುಡುಗಿ ತನ್ನ ಲಂಗದ ಅಂಚು ಹರಿದು, ಹಗ್ಗದ ಎಳೆಗೆ ಸೇರಿಸಿ, ಹೊಸೆದು ಹೊಸೆದು..."

"ಅಜ್ಜಿ, ಪುಸ್ತಕದ ಮೇಲೆ ಕೋಳಿ ಯಾಕಿದೆ?" ಎಂದಿತು ಒಂದು ಮಗು.

ಅತ್ತೆಯ ಬೆರಳು ನಿಂತಿತು. ಒಂದು ಕ್ಷಣ ಅಷ್ಟೇ. "ಇರು ಮಗು, ಅವಸರ ಮಾಡಬೇಡ. ಕೋಳಿ ಈಗ್ಲೇ ಬರುತ್ತೆ" ಎಂದು ಪುಟ ತಿರುಗಿಸಿದರು. "ಬಾವಿಯ ಕಟ್ಟೆ ಮೇಲೆ ಒಂದು ಕೋಳಿ ಕೂತಿತ್ತು. ಹುಡುಗಿ ಕೂಗೋದು ಯಾರಿಗೂ ಕೇಳಿಸ್ಲಿಲ್ಲ, ಕೋಳಿಗೆ ಕೇಳಿಸ್ತು. ಅದು ಹೊತ್ತಲ್ಲದ ಹೊತ್ತಲ್ಲಿ ಕೂಗ್ತು ನೋಡಿ, ಊರಿಗೆ ಊರೇ ಎದ್ದು ಬಂತು!" ಮಕ್ಕಳು ಚಪ್ಪಾಳೆ ಹೊಡೆದರು.

ಅಕ್ಕನಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. ಅತ್ತೆಗೆ ಹುಂಜದ ಚಿತ್ರ ಕಂಡಿರಲಿಲ್ಲ. ಅಷ್ಟು ದೊಡ್ಡ ಕೆಂಪು ಜುಟ್ಟಿನ ಹುಂಜ! ಹಾಗಾದರೆ ಅಕ್ಷರ? ಹಾಗಾದರೆ ಹಡಗು, ಗುಡಾರ, ಕೋಟು? ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಇಡೀ ಬಡಾವಣೆಯನ್ನು ಕೇಳುತ್ತಿದ್ದವಳಿಗೆ ತನ್ನ ಮನೆಯ ಅಡುಗೆಕೋಣೆಯಲ್ಲಿ ನಡೆದದ್ದು ತಿಳಿದಿರಲಿಲ್ಲ.

ಆ ದಿನ ಮನೆಗೆ ಬಂದು ಅತ್ತೆ ಪಾತ್ರೆ ಒರೆಸಲು ನಿಂತಾಗ ಅಕ್ಕ ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?"

"ಕಣ್ಣು."

ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿದರು. "ಬೇಸಿಗೆಯಿಂದ. ಪಕ್ಕದ ಮನೆಯವಳ ಜೊತೆ ಡಾಕ್ಟರ ಹತ್ರ ಹೋಗಿ ಬಂದೆ. ಇದು ಪೊರೆ ಅಲ್ವಂತೆ, ತೆಗೆಯೋಕೆ. ಸುತ್ತ ಎಲ್ಲಾ ಕಾಣುತ್ತೆ, ನಡು ಮಾತ್ರ ಇಲ್ಲ. ದಾರಿ ಕಾಣುತ್ತೆ, ಬಾಗಿಲು ಕಾಣುತ್ತೆ, ಅಕ್ಷರ ಕಾಣಲ್ಲ. ನಿನ್ನ ನೇರ ನೋಡಿದ್ರೆ ನಿನ್ನ ಕಿವಿಯೋಲೆ ಕಾಣುತ್ತೆ, ಮುಖ ಕಾಣಲ್ಲ. ಪಕ್ಕಕ್ಕೆ ತಿರುಗಿದ್ರೆ ಮುಖ ಒಂದಿಷ್ಟು ಸಿಗುತ್ತೆ."

ಮುನಿಸು ಎಂದು ತಿಳಿದಿದ್ದೆಲ್ಲ ಅವರು ತನ್ನನ್ನು ನೋಡಲು ಪಟ್ಟ ಪಾಡು ಎಂದು ಅಕ್ಕನಿಗೆ ಆಗ ಗೊತ್ತಾಯಿತು.

"ನಮಗೆ ಹೇಳಬಾರದಿತ್ತಾ?"

"ಹೇಳಿದ್ರೆ ಒಬ್ಬಳನ್ನೇ ಹೊರಗೆ ಕಳಿಸ್ತಿದ್ರಾ? ಸೂಜಿ ಬಿಟ್ಟೆ. ಓದು ಬಿಟ್ಟೆ. ಆ ಬೆಂಚೂ ಬಿಟ್ಟು ಮನೇಲಿ ಕೂತ್ಕೊಳ್ಳಲಾ?" ಅತ್ತೆಯ ದನಿ ಗಡುಸಾಗಿತ್ತು. ಆಮೇಲೆ ಮೆತ್ತಗಾಯಿತು. "ನಾನೇನು ಬೇಕಂತ ಕಟ್ಟಿ ಹೇಳಿದ್ನಾ? ಕೊನೆ ಗೊತ್ತಾಗ್ದೆ ನಂಗೆ ನಿದ್ದೆ ಬರಲ್ಲ, ನಿಂಗೆ ಗೊತ್ತಲ್ಲ. ನಿನ್ನೇ ಕೇಳ್ದೆ. ಎಷ್ಟೋ ಸಲ ಕೇಳ್ದೆ. ನೀನು ನಿಯಮ ಅಂದೆ. ಸರಿ, ಮಕ್ಕಳೂ ನನ್ನ ಹಾಗೇ ಒದ್ದಾಡ್ತಿದ್ವು, ಎಲ್ಲರಿಗೂ ಸೇರಿಸಿ ಒಂದು ಹೊಲಿದೆ."

ಅಕ್ಕನಿಗೆ ಅಳು ತಡೆಯಲಾಗಲಿಲ್ಲ. ತಾನು ನಗುನಗುತ್ತಾ ಮುಚ್ಚಿದ ಬಾಗಿಲಿನ ಹೊರಗೆ ಈ ಹೆಂಗಸು ಅಷ್ಟು ದಿನ ನಿಂತಿದ್ದರು ಎಂದು ನಾಚಿಕೆಯಾಯಿತು. ಕಥೆ ಸಮಯಕ್ಕೆ ಬಂದ ಕುತ್ತು ಅತ್ತೆಗೆ ತಿಳಿದದ್ದು ಮರುದಿನ. ತಿಳಿದ ಕೂಡಲೇ, "ಹಾಗಾದ್ರೆ ನಾನು ಇನ್ನು ಆ ಬೆಂಚಿಗೆ ಹೋಗಲ್ಲ. ನಿನ್ನ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ?" ಎಂದರು. ಅಕ್ಕನಿಗೆ ಅದು ಬೇಡವಾಗಿತ್ತು. ಒಂದು ಗಂಟೆ ತನಗೆ ಉಳಿಯಬೇಕು, ಬೆಂಚು ಅತ್ತೆಗೆ ಉಳಿಯಬೇಕು. ಎರಡೂ ಹೇಗೆ ಉಳಿಯುತ್ತವೆ ಎಂದು ವಾರವಿಡೀ ಯೋಚಿಸಿದಳು. ಕೊನೆಗೆ ಅವಳಿಗೆ ನೆನಪಾದದ್ದು ಪುಸ್ತಕದಲ್ಲಿ ತಪ್ಪಿದೆ ಎಂದು ಜಗಳಕ್ಕೆ ಬಂದ ಎರಡು ಜಡೆಯ ಹುಡುಗಿ. ಅವಳು ಪುಸ್ತಕವನ್ನು ಪೂರ್ತಿ ಓದಿದ್ದಳಲ್ಲವೇ, ಅದೂ ತಪ್ಪು ಹುಡುಕುವ ಹಟದಿಂದ.

ಬಿಸಿಲು ಹಬ್ಬದ ದಿನ ಅಂಗಳ ತುಂಬಿತ್ತು. ಬೆಂಚುಗಳ ಮೇಲೆ ದೊಡ್ಡವರು, ಚಾಪೆಯ ಮೇಲೆ ಮಕ್ಕಳು, ಹಗ್ಗದ ಹತ್ತಿರ ಸ್ವೆಟರು ಹಾಕಿ ನೋಡುತ್ತಿದ್ದ ದರ್ಜಿ. ಗ್ರಂಥಪಾಲಕರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ಅಕ್ಕ ಕಥೆ ಹೇಳಿದಳು. ಒಬ್ಬ ಮುದುಕಿ ದೋಣಿ ನಡೆಸುತ್ತಿದ್ದಾಳೆ. ನದಿಯ ಮೇಲೆ ಮಂಜು ಕವಿದಿದೆ. ಎದುರಿನಿಂದ ಇನ್ನೊಂದು ದೋಣಿ ಬರುತ್ತಿದೆ. ಅದರಲ್ಲಿದ್ದವರು ಮುದುಕಿಯನ್ನು ಅವಳ ಬಾಲ್ಯದ ಹೆಸರಿನಿಂದ ಕರೆಯುತ್ತಾರೆ, ಬದುಕಿರುವ ಯಾರಿಗೂ ಗೊತ್ತಿಲ್ಲದ ಹೆಸರು. ಮುದುಕಿ ಹುಟ್ಟು ಕೆಳಗಿಡುತ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಿತು. ಅಂಗಳದಲ್ಲಿ ಹಾಹಾಕಾರ.

"ಇವತ್ತು ಎರಡು ಕೊನೆ ಇದೆ" ಎಂದಳು ಅಕ್ಕ. "ಒಂದು ಪುಸ್ತಕದಲ್ಲಿದೆ. ಇನ್ನೊಂದು ನಮ್ಮ ಅತ್ತೆ ಹೇಳ್ತಾರೆ, ಅವರಿಗೆ ಮನಸ್ಸಿದ್ರೆ. ಎರಡೂ ಒಂದೇನಾ ಬೇರೆಬೇರೆನಾ ನಾನು ಹೇಳಲ್ಲ."

ಅತ್ತೆಯ ಜೊತೆ ಮೊದಲೇ ಮಾತಾಡಿದ್ದಳು. ಅವರು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಈಗ ಎಲ್ಲರೂ ತಿರುಗಿ ನೋಡಿದರು. ಅತ್ತೆ ಕುರ್ಚಿಯಿಂದ ನಿಧಾನವಾಗಿ ಎದ್ದು ಮುಂದೆ ಬಂದು ಕೂತರು. ಎರಡು ಜಡೆಯ ಹುಡುಗಿ ಓಡಿಬಂದು ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟಳು, "ಓದಿ ಅಜ್ಜಿ" ಎಂದು. ಅತ್ತೆ ರಟ್ಟಿನ ಮೇಲೆ ಕೈಯಾಡಿಸಿದರು. ಅವರು ಬಿಡಿಸಿ ಓದುವ ಹಾಗೆ ಮಾಡಿದರೂ ತಾನು ಯಾರಿಗೂ ಹೇಳುವವಳಲ್ಲ ಎಂದುಕೊಂಡಳು ಅಕ್ಕ.

ಅತ್ತೆ ಪುಸ್ತಕವನ್ನು ಹುಡುಗಿಯ ಕೈಗೇ ವಾಪಸ್ ಕೊಟ್ಟರು.

"ಇದು ಬೇಡ ಮಗು. ನಂಗೆ ಓದೋಕೆ ಕಣ್ಣು ಕಾಣಲ್ಲ. ಇಷ್ಟು ದಿನ ಓದೋ ಹಾಗೆ ಮಾಡಿದ್ದು ಸುಳ್ಳು. ಕೊನೆ ಎಲ್ಲಾ ನಾನೇ ಕಟ್ಟಿದ್ದು. ಕೇಳ್ತೀರಾ, ಬೇಡ್ವಾ?"

ಅಕ್ಕನ ಗಂಡ ಬಸ್ಸಿನ ಪಾಳಿ ಮುಗಿಸಿ ಆಗಷ್ಟೇ ಗೇಟಿನೊಳಗೆ ಬಂದಿದ್ದ, ಅಲ್ಲೇ ನಿಂತ. ಹುಡುಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಕೋಳಿನೂ?" ಎಂದಳು.

"ಕೋಳಿನೂ."

"ಹಾಗಾದ್ರೆ ಹೇಳಿ" ಎಂದು ಅವರ ಕಾಲ ಬಳಿ ಕೂತಳು.

ಅತ್ತೆ ಹೇಳಿದರು. "ಆ ಮಂಜು ಎಂಥದ್ದು ಅಂದ್ರೆ, ನದಿ ದಡ ಕಾಣ್ತಿತ್ತು, ಆಚೆ ಮರ ಕಾಣ್ತಿತ್ತು. ನಡುವೆ ಮಾತ್ರ ಮಂಜು. ಕರೆದವರ ಕೈ ಕಾಣ್ತು, ದೋಣಿ ತುದಿ ಕಾಣ್ತು, ಮುಖ ಕಾಣಲಿಲ್ಲ. ಮುದುಕಿಗೆ ಜಂಬ. ಕಾಣಲ್ಲ ಅಂತ ಹೇಳೋಕೆ ನಾಚಿಕೆ. ಗೊತ್ತಿದ್ದೋಳ ಹಾಗೆ ತಲೆ ಆಡಿಸಿದ್ಲು, ದೋಣಿ ದಾಟಿ ಹೋಗ್ತಾ ಇತ್ತು. ಕರೆದವರು ದೂರ ಆಗ್ತಾ ಇದ್ರು. ಆಗ ಅವಳಿಗೆ ಹೆದರಿಕೆ ಆಯ್ತು. ನಾಚಿಕೆ ಎಲ್ಲಾ ಬಿಟ್ಟು ಕೂಗಿದ್ಲು. ಯಾರೇ ಆಗಿರು, ನಂಗೆ ನೀನು ಕಾಣ್ತಿಲ್ಲ, ಹತ್ರ ಬಾ ಅಂತ."

"ಬಂದ್ರಾ?"

"ಬಂದ್ರು."

"ಯಾರವರು?"

"ಅದು ಪುಸ್ತಕದಲ್ಲಿರಬೇಕು, ಹೋಗಿ ನೋಡಿ" ಎಂದುಬಿಟ್ಟರು ಅತ್ತೆ. ಅರ್ಧಕ್ಕೇ! ಜನ್ಮದಲ್ಲಿ ಅರ್ಧ ಕಥೆ ಕಂಡರಾಗದವರು!

ಹುಡುಗಿ ಪುಸ್ತಕ ಹಿಡಿದು ಎದ್ದಳು, ಅವಳ ಹಿಂದೆ ಇಡೀ ಚಾಪೆಯೇ ಎದ್ದಿತು. ಚೀಟಿ ಬರೆಸುವ ಮೇಜಿನ ಹತ್ತಿರ ನೂಕುನುಗ್ಗಲಾಗಿ ಗ್ರಂಥಪಾಲಕರೇ ಮೂಲೆಗೆ ಸಿಕ್ಕಿಕೊಂಡು, "ಸಾಲಲ್ಲಿ ಬನ್ನಿ, ಸಾಲಲ್ಲಿ! ಮೊದಲು ಹುಡುಗಿ, ಆಮೇಲೆ ನಾನು!" ಎಂದು ಕೂಗುತ್ತಿದ್ದರು. ಮುಂದಿನ ಶನಿವಾರ ಯಾವ ಪುಸ್ತಕ, ಅಜ್ಜಿ ಇರುತ್ತಾರೆಯೇ ಎಂದು ದೊಡ್ಡವರು ಕೇಳತೊಡಗಿದ್ದರು. ಪರೀಕ್ಷೆಯ ತರಬೇತಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಕ್ಕ ಆ ಕಡೆ ಹೋಗಲಿಲ್ಲ. ಬಿಸಿಲಲ್ಲಿ ಖಾಲಿಯಾದ ಚಾಪೆಯನ್ನು ದಾಟಿ, ಅತ್ತೆಯ ಕುರ್ಚಿಗೆ ಮೈ ತಾಗುವಷ್ಟು ಹತ್ತಿರ ಬಂದು ಕೂತಳು. ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿ ಅವಳನ್ನು ನೋಡಿದರು.

"ಎಲ್ಲಾ ಹೋದ್ರಾ?"

"ಹೋದ್ರು ಅತ್ತೆ."

"ನಿಜವಾಗ್ಲೂ ಯಾರು ಕರೆದಿದ್ದು ಅವಳನ್ನ?"

ಅಕ್ಕ ಅವರ ಕಿವಿಯ ಹತ್ತಿರ ಬಾಗಿ, ಒಂದು ಮಾತೂ ಬಿಡದೆ, ಕೊನೆಯವರೆಗೂ ಹೇಳಿದಳು.